ಹದಿನಾಲ್ಕು ಸೆಕೆಂಡಿನ ಬೆಳಕು

ನನ್ನ ಮೊಬೈಲಿನಲ್ಲಿ ಹದಿನಾಲ್ಕು ಸೆಕೆಂಡಿನ ಒಂದು ವಿಡಿಯೊ ಇದೆ. ಅಳಿಸಿಬಿಡೋಣ ಅಂತ ಎಷ್ಟೋ ಸಲ ಅನ್ನಿಸಿದೆ, ಅಳಿಸಿಲ್ಲ. ಮೊದಲು ಮೂರು ಸೆಕೆಂಡು ಬರೀ ಕತ್ತಲೆ, ಅಲೆಯ ಸದ್ದು. ಆಮೇಲೆ ಒಮ್ಮೆಲೇ ಬಿಳಿ ಬೆಳಕು, ಒದ್ದೆ ಮರಳು, ಮರಳಿನ ಮೇಲೆ ಒಂದು ಕಡಲಾಮೆ. ಕೊನೆಯಲ್ಲಿ ಅದು ಮೈ ತಿರುಗಿಸುತ್ತಿದೆ. ಹಿಂದಿನಿಂದ ನನ್ನ ಮಗಳ ದನಿ ಕೇಳುತ್ತದೆ: "ಅಪ್ಪಾ, ಲೈಟ್ ಆರ್ಸು. ಅಪ್ಪಾ, ಆರ್ಸು."

ನಾನು ಆರಿಸಿದ್ದು ಆಮೆ ತಿರುಗಿದ ಮೇಲೆ.

2024ರ ಜನವರಿ 26 ಶುಕ್ರವಾರ ಬಂದಿತ್ತು. ಮರುದಿನ ನಾಲ್ಕನೇ ಶನಿವಾರ, ಅದರ ಮರುದಿನ ಭಾನುವಾರ. ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಮೂರು ದಿನ ಒಟ್ಟಿಗೆ ಸಿಗುವುದು ಅಪರೂಪ. ದಾವಣಗೆರೆಯ ಬಿಸಿಲಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಕಡಲು ತೋರಿಸಬೇಕು ಎಂದು ಡಿಸೆಂಬರಿನಲ್ಲೇ ಕೂತು ಪಟ್ಟಿ ಮಾಡಿದ್ದೆ. ಬರೀ ನೀರಾಟ ಆಡಿಸಿ ಕರೆತರುವುದು ನನಗೆ ಬೇಕಿರಲಿಲ್ಲ. ಗೋಕರ್ಣದಲ್ಲಿ ಗುಡ್ಡ ಹತ್ತಿ ಇಳಿದು ನಾಲ್ಕು ತೀರ ನಡೆಯಬೇಕು, ಅಘನಾಶಿನಿಯ ಹಿನ್ನೀರು ನೋಡಬೇಕು, ಹೊನ್ನಾವರದಲ್ಲಿ ಕಾಂಡ್ಲಾ ಕಾಡಿನೊಳಗೆ ಹೋಗಬೇಕು, ಡಾಲ್ಫಿನ್, ಕಡಲ ಹದ್ದು, ಆಗುವುದಾದರೆ ಕಡಲಾಮೆ, ವಾಪಸ್ ಬರುವಾಗ ಗೇರುಸೊಪ್ಪೆ ಘಟ್ಟದಲ್ಲಿ ಸಿಂಗಳೀಕ. ಪ್ರತಿಯೊಂದರ ಎದುರು ಗಂಟೆ ಬರೆದಿದ್ದೆ. ಮಗಳಿಗೆ ಆಗ ಹನ್ನೊಂದು, ಮಗನಿಗೆ ಏಳು. ಹೆಂಡತಿಯ ಜೊತೆಗೆ ಅಮ್ಮನೂ ಹೊರಟಿದ್ದರು, ಮೊಣಕಾಲು ನೋವಿದ್ದರೂ.

ಗುರುವಾರ ಸಂಜೆ ಹೊರಟು ಶಿರಸಿಯಲ್ಲಿ ನೆಂಟರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಘಟ್ಟ ಇಳಿದೆವು. ಕುಡ್ಲೆ ತೀರದಿಂದ ಓಂ ಬೀಚಿಗೆ ಹೋಗುವ ದಾರಿ ಕಲ್ಲುಗುಡ್ಡದ ಮೇಲೆ ಹಾಯುತ್ತದೆ. ಒಂದು ಕಡೆ ಗಿಡಗಂಟಿ, ಇನ್ನೊಂದು ಕಡೆ ಕೆಳಗೆ ಬಂಡೆಗೆ ಬಡಿಯುವ ನೀರು. ಅಮ್ಮ ಎರಡು ಸಲ ನಿಂತರು. ಎರಡು ಸಲವೂ "ಇನ್ನೊಂದೇ ಏರು ಅಮ್ಮ" ಅಂದೆ. ಓಂ ಬೀಚು ಮುಟ್ಟುವ ಹೊತ್ತಿಗೆ ಅವರ ಮುಖ ಬಾಡಿತ್ತು. ಅಮ್ಮನನ್ನೂ ಹೆಂಡತಿಯನ್ನೂ ಅಲ್ಲೇ ನೆರಳಿನಲ್ಲಿ ಕೂರಿಸಿ, ಮಕ್ಕಳಿಬ್ಬರನ್ನು ಕರೆದುಕೊಂಡು ಹಾಫ್ ಮೂನ್, ಪ್ಯಾರಡೈಸ್ ಕಡೆ ನಡೆದೆ. ಹಿಂದಿನ ದಿನವಷ್ಟೇ ಹುಣ್ಣಿಮೆ ಆಗಿತ್ತು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸು ಭರತಿ ದೊಡ್ಡದು ಎಂದು ಶಾಲೆಯಲ್ಲಿ ಓದಿದ್ದೆ, ಆದರೆ ಓದಿದ್ದನ್ನು ಕಾಲ ಕೆಳಗಿನ ಬಂಡೆಗೆ ಹೊಂದಿಸಿ ನೋಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೀರು ಏರಿ ಕೆಳಗಿನ ಕಲ್ಲುಗಳೆಲ್ಲ ಒದ್ದೆ. ಮಗ ಜಾರಿ ಮೊಣಕಾಲು ತರಚಿಕೊಂಡ. ಅಳುತ್ತಿದ್ದವನನ್ನು ಎತ್ತಿಕೊಂಡು ಪಟ್ಟಿಯ ನಾಲ್ಕನೇ ತೀರ ಮುಟ್ಟಿಸಿಯೇ ವಾಪಸ್ ಬಂದೆ.

ಬಂದಾಗ ಅಮ್ಮ ಹೇಳಿದರು, "ಡಾಲ್ಫಿನ್ ಬಂದಿದ್ವು ಕಣೋ. ಮೂರೋ ನಾಲ್ಕೋ. ನೀವು ಇರಬೇಕಿತ್ತು."

ಶನಿವಾರವೂ ಅದೇ ಓಟ. ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಹುಟ್ಟಿದಲ್ಲಿಂದ ಕಡಲವರೆಗೆ ತಡೆಯಿಲ್ಲದೆ ಹರಿಯುತ್ತದೆ. ನೀರು ಇಳಿದಾಗ ಹೆಂಗಸರು ಗಂಡಸರು ಅಳಿವೆಯಲ್ಲಿ ಇಳಿದು ಬಳಚು ಎಂಬ ಚಿಪ್ಪುಜೀವಿ ಆಯುತ್ತಾರೆ. ನಾವು ಹೋದಾಗ ನೀರು ಏರಿತ್ತು, ಆಯುವವರು ಯಾರೂ ಇರಲಿಲ್ಲ. ಹೊನ್ನಾವರದ ಕಾಂಡ್ಲಾ ಕಾಡಿನಲ್ಲಿ ಮರದ ಹಲಗೆಯ ನಡೆದಾರಿ ಇದೆ. ನೀರು ಹಿಂದೆ ಸರಿದು ಕೆಸರು ಬಯಲಾಗುತ್ತಿದ್ದ ಹೊತ್ತು. ಗಿಡಗಳ ಉಸಿರುಬೇರುಗಳು ಕೆಸರಿನಿಂದ ಬೆರಳಿನ ಹಾಗೆ ಮೇಲೆದ್ದಿದ್ದವು. ಮಗ ಹಲಗೆಯ ಮೇಲೆ ಬೋರಲು ಮಲಗಿ ಕೆಳಗೆ ನೋಡತೊಡಗಿದ. ಹೆಬ್ಬೆರಳು ಗಾತ್ರದ ಒಂದು ಮೀನು ಮುಂದಿನ ಎರಡು ರೆಕ್ಕೆ ಊರಿಕೊಂಡು ಕೆಸರಿನ ಮೇಲೆ ನಡೆಯುತ್ತಿತ್ತು. ನಡೆದು, ನಿಂತು, ಕಣ್ಣನ್ನು ಒಳಗೆ ಎಳೆದುಕೊಂಡು ಮತ್ತೆ ಹೊರಗೆ ಬಿಡುತ್ತಿತ್ತು. "ಅಪ್ಪಾ, ಮೀನು ನಡೀತಿದೆ" ಎಂದ. ನಾನು ಗಡಿಯಾರ ನೋಡಿದೆ. ಸೂರ್ಯಾಸ್ತಕ್ಕೆ ಕಾಸರಕೋಡಿನಲ್ಲಿ ಇರಬೇಕಿತ್ತು. ಅವನ ತೋಳು ಹಿಡಿದು ಎಬ್ಬಿಸಿದೆ. ಈಗ ನೆನೆದರೆ ಆ ಪ್ರವಾಸದಲ್ಲಿ ಅವನು ತಾನೇ ಕಂಡುಕೊಂಡ ಪ್ರಾಣಿ ಅದೊಂದೇ.

ಶರಾವತಿಯ ಸೇತುವೆ ದಾಟಿದರೆ ದಕ್ಷಿಣಕ್ಕೆ ಕಾಸರಕೋಡು. ಅಲ್ಲಿಯ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ್ದರಿಂದ ಪ್ರವಾಸಿಗರು ಹೆಚ್ಚಿದ್ದಾರೆ. ನಾವು ಉಳಿದದ್ದು ಅದೇ ಊರಿನ ಟೊಂಕದ ಕಡೆ, ಮೀನುಗಾರರ ಮನೆಯೊಂದರ ಹಿಂಬದಿಯ ಎರಡು ಕೋಣೆಯಲ್ಲಿ. ಅಂಗಳದಾಚೆ ಗಾಳಿಮರದ ಸಾಲು, ಅದರಾಚೆ ಮರಳು, ಮರಳಿನಾಚೆ ಕಡಲು. ರಾತ್ರಿ ಊಟಕ್ಕೆ ನಮಗೆ ಬಂಗುಡೆ ಸಾರು, ಅಮ್ಮನಿಗೆ ತಿಳಿಸಾರು. ಬಡಿಸುತ್ತಾ ಆ ಮನೆಯ ಅಕ್ಕ ತಾವಾಗಿಯೇ ಆಮೆಯ ವಿಷಯ ತೆಗೆದರು.

"ಈಗ ಆಮೆ ಬರೂ ಸಮಯ. ನಮ್ಮ ಮಾವ ರಾತ್ರಿ ಎರಡು ಸಲ ದಂಡೆ ಸುತ್ತಿ ಬರ್ತಾರೆ. ಆಮೆ ಬಂದು, ಗುಂಡಿ ತೋಡಿ, ಮೊಟ್ಟೆ ಬಿಡೂಕೆ ಶುರು ಮಾಡಿದ್ರೆ ಫಾರೆಸ್ಟ್‌ನವರಿಗೆ ಫೋನ್ ಮಾಡ್ತಾರೆ. ನಿಮ್ಮ ಮಕ್ಕಳು ಎಚ್ಚರ ಇದ್ರೆ ಕರೀತಾರೆ, ದೂರ ಕೂತು ನೋಡ್ಲಕ್ಕು. ಅಲ್ಲಿವರೆಗೆ ಯಾರೂ ದಂಡೆಗೆ ಹೋಗೂಕಿಲ್ಲ ತಮಾ. ಲೈಟಂತೂ ಬೇಡವೇ ಬೇಡ."

ಜಗಲಿಯಲ್ಲಿ ಕೂತಿದ್ದ ಅಜ್ಜ, ಅಂದರೆ ಅಕ್ಕನ ಮಾವ, ಏನೂ ಹೇಳಲಿಲ್ಲ. ಹರೆಯದಲ್ಲಿ ರಂಪಣಿ ಬಲೆ ಎಳೆದವರಂತೆ. ಹೌದು ಎನ್ನುವಂತೆ ತಲೆಯಾಡಿಸಿದರು, ಅಷ್ಟೇ.

ಹತ್ತೂವರೆಯಾದರೂ ಯಾರೂ ಕರೆಯಲಿಲ್ಲ. ಮರುದಿನ ಊರಿಗೆ ಹೊರಡಬೇಕು. ಪಟ್ಟಿಯಲ್ಲಿ ಆಮೆಯ ಎದುರು ಇನ್ನೂ ಗುರುತು ಬಿದ್ದಿಲ್ಲ. ಮಕ್ಕಳನ್ನು ಎಬ್ಬಿಸಿದೆ. ಹೆಂಡತಿ ಅರೆನಿದ್ದೆಯಲ್ಲಿ, "ಅವರು ಕರೀತೀವಿ ಅಂದಿದ್ದಾರಲ್ಲ" ಎಂದಳು. "ಸುಮ್ನೆ ಗಾಳಿ ಕುಡಿದು ಬರ್ತೀವಿ" ಎಂದೆ. ಅದು ಸುಳ್ಳು. ಮೊದಲನೇ ಸುಳ್ಳು.

ಹುಣ್ಣಿಮೆ ಕಳೆದು ಎರಡೇ ದಿನ. ಬೆಳದಿಂಗಳಿಗೆ ಮರಳಿನ ಮೇಲೆ ನಮ್ಮ ನೆರಳು ಬೀಳುತ್ತಿತ್ತು. ಓಡುವ ಏಡಿಗಳೂ ಕಾಣುತ್ತಿದ್ದವು. ಭರತಿ ಇನ್ನೂ ಏರುತ್ತಿತ್ತು. ಒಂದರ್ಧ ಕಿಲೋಮೀಟರು ನಡೆದಿರಬೇಕು. ಮಗಳು ನನ್ನ ಅಂಗಿ ಜಗ್ಗಿದಳು. ಅಲೆ ಹಿಂದೆ ಸರಿದ ಜಾಗದಲ್ಲಿ ಒಂದು ಕಲ್ಲು. ಮುಂದಿನ ಅಲೆ ಬಂದು ಹೋಯಿತು; ಕಲ್ಲು ಸ್ವಲ್ಪ ಮೇಲೆ ಬಂದಿತ್ತು.

ಅದು ಮೇಲೆ ಬರುತ್ತಿದ್ದ ರೀತಿಯನ್ನು ನಾನು ಮರೆಯಲಾರೆ. ಮುಂದಿನ ಎಡಗಾಲು ಚಾಚಿ ಮರಳನ್ನು ಕಚ್ಚಿ ಹಿಡಿದು ಮೈ ಎಳೆಯುವುದು, ಆಮೇಲೆ ಬಲಗಾಲು. ನಾಲ್ಕೈದು ಎಳೆತಕ್ಕೊಮ್ಮೆ ನಿಂತು ಉಸಿರು ಬಿಡುವುದು. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂಥ ಆ ಉಸಿರು ನಾವು ನಿಂತಲ್ಲಿಗೂ ಕೇಳಿಸುತ್ತಿತ್ತು. ನಿಂತಾಗಲೆಲ್ಲ ಮೂತಿಯನ್ನು ಮರಳಿಗೆ ಒತ್ತುತ್ತಿತ್ತು. ಕಡಲಲ್ಲಿ ಹಗುರಾಗಿ ಈಜುವ ಜೀವಕ್ಕೆ ನೆಲದ ಮೇಲೆ ತನ್ನದೇ ಮೂವತ್ತು ನಲವತ್ತು ಕಿಲೋ ಭಾರವನ್ನು ಎಳೆಯಬೇಕು. ಇನ್ನು ಹತ್ತು ಹದಿನೈದು ಮಾರು ಎಳೆದಿದ್ದರೆ ಒಣಮರಳು ಸಿಗುತ್ತಿತ್ತು.

ನಮಗೂ ಅದಕ್ಕೂ ಮೂವತ್ತು ಅಡಿ ಇರಬಹುದು. ಮಗ "ಅಪ್ಪಾ!" ಎಂದು ಕೂಗಿದ. ಆಮೆ ನಿಂತಿತು. ಆಗಲಾದರೂ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದರೆ ಅದು ಮತ್ತೆ ಮುಂದೆ ಹೋಗುತ್ತಿತ್ತೋ ಏನೋ. ನಾನು ಮೊಬೈಲ್ ತೆಗೆದೆ. ಬೆಳದಿಂಗಳಲ್ಲಿ ಪರದೆಯ ಮೇಲೆ ಏನೂ ಕಾಣಲಿಲ್ಲ. ಲೈಟ್ ಹಾಕಿ ನಾಲ್ಕು ಹೆಜ್ಜೆ ಮುಂದೆ ಹೋದೆ.

ಬೆಳಕಿನಲ್ಲಿ ಅದರ ಕಣ್ಣು ಕಂಡಿತು. ಕಣ್ಣ ಕೆಳಗೆ ಅಂಟಂಟಾದ ನೀರು, ಅದಕ್ಕೆ ಮೆತ್ತಿದ ಮರಳು. ಮೈಯೊಳಗಿನ ಉಪ್ಪನ್ನು ಕಡಲಾಮೆ ಕಣ್ಣ ಬಳಿಯ ಗ್ರಂಥಿಯಿಂದ ಹೊರಹಾಕುತ್ತದೆ, ಅದು ಅಳುವಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಆ ಕ್ಷಣದಲ್ಲಿ ಮಾತ್ರ ಮಗಳು ಅದನ್ನು ಅಳುವೆಂದೇ ನೋಡಿದಳು. ಆಮೆ ತಲೆಯೆತ್ತಿತು. ಮುಂಗಾಲನ್ನು ಪಕ್ಕಕ್ಕೆ ಊರಿ ನಿಧಾನವಾಗಿ ಪೂರ್ತಿ ತಿರುಗಿತು. ಬರುವಾಗ ನಿಂತು ನಿಂತು ಬಂದದ್ದು ಹೋಗುವಾಗ ಒಮ್ಮೆಯೂ ನಿಲ್ಲಲಿಲ್ಲ. ಅಲೆ ಬಂತು, ಅದರೊಂದಿಗೆ ಹೋಯಿತು.

ಮಗಳು ಏನೂ ಮಾತಾಡದೆ ಮನೆಯ ಕಡೆ ತಿರುಗಿದಳು.

ನಾವು ಕಂಡದ್ದು ಆಲಿವ್ ರಿಡ್ಲಿ ಜಾತಿಯ ಆಮೆ; ಅದು ಒಂದು ಸಲಕ್ಕೆ ಸುಮಾರು 100 ಮೊಟ್ಟೆ ಇಡುತ್ತದೆ. ಒಡಿಶಾದ ಗಹಿರ್ಮಾಥಾ, ಋಷಿಕುಲ್ಯಾ ತೀರಗಳಲ್ಲಿ ಲಕ್ಷಗಟ್ಟಲೆ ಒಟ್ಟಿಗೆ ಬರುವುದು ಇವೇ; ನಮ್ಮ ತೀರದಲ್ಲಿ ಹೀಗೆ ಒಂದೊಂದಾಗಿ ಬರುತ್ತವೆ. ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಹತ್ತು ಹದಿನೈದು ವರ್ಷ ಬೇಕು. ನೀರಿನಿಂದ ಮೇಲೆ ಬರುವ ಹೊತ್ತಿನಲ್ಲಿ ಅದರ ಅಂಜಿಕೆ ಅತಿ ಹೆಚ್ಚು: ಬೆಳಕು, ಓಡಾಟ, ನಾಯಿ ಯಾವುದಾದರೂ ಸಾಕು, ಹಿಂದೆ ಹೋಗುತ್ತದೆ. ಮೊಟ್ಟೆ ಬಿಡಲು ಶುರು ಮಾಡಿದ ಮೇಲೆ ಅಷ್ಟು ಬೇಗ ಬೆದರುವುದಿಲ್ಲ. ಹಾಗಾಗಿಯೇ ಅಜ್ಜ ಅಲ್ಲಿವರೆಗೆ ಕಾದು ಕರೆಯುತ್ತಿದ್ದರು. ಹಿಂದೆ ಹೋದ ಆಮೆ ಅದೇ ರಾತ್ರಿಯೋ ಮರುದಿನವೋ ಬೇರೆ ಕಡೆ ಬರಬಹುದು. ಮತ್ತೆ ಮತ್ತೆ ಹೀಗೇ ಆದರೆ ಮೊಟ್ಟೆಯನ್ನು ನೀರಿನಲ್ಲೇ ಬಿಟ್ಟುಬಿಡುವುದೂ ಉಂಟು. ನೀರಿಗೆ ಬಿದ್ದ ಮೊಟ್ಟೆ ಮರಿಯಾಗುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೇ ಪರಿಚ್ಛೇದದಲ್ಲಿ ಈ ಆಮೆ ಇದೆ, ಹುಲಿಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ. ಇದನ್ನೆಲ್ಲ ಓದಿದ್ದು ದಾವಣಗೆರೆಗೆ ಬಂದ ಮೇಲೆ. ಪಟ್ಟಿ ಮಾಡುವಾಗ ಆಮೆ ಎಷ್ಟು ಗಂಟೆಗೆ ಬರುತ್ತದೆ ಎಂದಷ್ಟೇ ಹುಡುಕಿದ್ದೆ.

ಬೆಳಕು ತಾಯಿಯಾಮೆಗೆ ಮಾತ್ರ ಕುತ್ತಲ್ಲ. ನಲವತ್ತೈದರಿಂದ ಅರವತ್ತು ದಿನದಲ್ಲಿ ಮರಿಗಳು ಮರಳಿನಿಂದ ಹೊರಬರುತ್ತವೆ, ಹೆಚ್ಚಾಗಿ ರಾತ್ರಿ. ಕತ್ತಲೆಯಲ್ಲಿ ನೆಲಕ್ಕಿಂತ ಕಡಲಿನ ಮೇಲಿನ ಬಾನು ಬೆಳ್ಳಗಿರುತ್ತದೆ, ಮರಿಗಳು ಆ ಬೆಳಕನ್ನು ನಂಬಿ ಹೋಗುತ್ತವೆ. ದಂಡೆಯಲ್ಲಿ ದೀಪವಿದ್ದರೆ ದೀಪದ ಕಡೆಗೇ ಬರುತ್ತವೆ. ಬೆಳಗಾಗುವುದರೊಳಗೆ ಕಾಗೆ, ನಾಯಿ, ಬಿಸಿಲಿಗೆ ಸಿಗುತ್ತವೆ. ಸಾವಿರ ಮರಿಗಳಲ್ಲಿ ಒಂದೆರಡು ಉಳಿದು ದೊಡ್ಡದಾಗುತ್ತವೆ ಎಂದು ಬಲ್ಲವರು ಅಂದಾಜು ಮಾಡುತ್ತಾರೆ. ಅಂದು ನಾನು ಬೆಳಕು ಬಿಟ್ಟದ್ದು ಹಾಗೆ ಉಳಿದುಬಂದ ಒಂದರ ಮುಖಕ್ಕೆ.

ಆದರೆ ಬರೆಯಲೇಬೇಕಾದ ತಪ್ಪು ಇನ್ನೊಂದಿದೆ. ಲೈಟ್ ಹಾಕಿದ್ದಕ್ಕೆ ಅವಸರ, ತಿಳಿವಳಿಕೆ ಸಾಲದು ಎಂದು ಸಮಾಧಾನ ಹೇಳಿಕೊಳ್ಳಬಹುದೇನೋ. ಮರುದಿನ ಬೆಳಿಗ್ಗೆ ಮಾಡಿದ್ದಕ್ಕೆ ಅಂಥ ಯಾವ ಸಮಾಧಾನವೂ ಇಲ್ಲ.

ಆರೂವರೆಗೆ ಅಜ್ಜ ಅಂಗಳಕ್ಕೆ ಬಂದು ನಮ್ಮನ್ನು ಕರೆದರು. "ಬನ್ನಿ, ಆಮೆ ಜಾಡು ತೋರಿಸ್ತೆ." ಎಲ್ಲರೂ ಹೋದೆವು. ರಾತ್ರಿಯ ಭರತಿ ಮುಟ್ಟಿದ ಗೆರೆಯ ಮೇಲ್ಗಡೆ ಜಾಡಿನ ತುದಿ ಉಳಿದಿತ್ತು. ಸಣ್ಣ ಟ್ರ್ಯಾಕ್ಟರಿನ ಗಾಲಿ ಹೋದಂತೆ ಒಂದು ಪಟ್ಟಿ, ಎಡಬಲ ಕಾಲಿನ ಗುರುತು ಒಂದಾದ ಮೇಲೊಂದು. ಅಜ್ಜ ಕೋಲಿನಿಂದ ತೋರಿಸುತ್ತಾ ಹೋದರು. "ಇಲ್ಲಿಂದ ಬಂದಿತ್ತು. ಇಲ್ಲಿ ನಿಂತಿತ್ತು. ಇಲ್ಲಿ ತಿರುಗಿತ್ತು. ಗುಂಡಿ ತೋಡೂಕೇ ಇಲ್ಲ." ಆಮೇಲೆ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದರು, "ರಾತ್ರಿ ಯಾರಾದ್ರೂ ಲೈಟ್ ತಕ್ಕೊಂಡು ಬಂದಿದ್ರೇನೋ. ನಿಮಗೆ ಏನಾದ್ರೂ ಕಂಡಿತ್ತಾ ತಮಾ?"

ಮಗಳು ನನ್ನನ್ನೇ ನೋಡುತ್ತಿದ್ದಳು.

"ಇಲ್ಲಜ್ಜ, ನಾವು ಬೇಗ ಮಲಗಿದ್ವಿ" ಎಂದೆ.

ಅಜ್ಜ "ಅಕ್ಕು" ಎಂದರು. ಕಾಲಿನಿಂದ ಮರಳು ಎಳೆದು ಜಾಡನ್ನು ಅಳಿಸಿದರು. ಯಾಕೆ ಅಳಿಸುತ್ತೀರಿ ಎಂದು ಮಗ ಕೇಳಿದ್ದಕ್ಕೆ, ಇನ್ನೊಬ್ಬರು ಬಂದು ಇಲ್ಲಿ ಮೊಟ್ಟೆ ಇದೆಯೆಂದು ಅಗೆಯಬಾರದಲ್ಲ ಎಂದರು. ಸ್ವಲ್ಪ ದೂರದಲ್ಲಿ ಹಿಂದಿನ ವಾರ ಇಟ್ಟ ಒಂದು ಗೂಡು ಇತ್ತು. ಸುತ್ತ ಕೋಲು ನೆಟ್ಟು ಬಲೆ ಕಟ್ಟಿದ್ದರು, ನಾಯಿ ನರಿ ಕೆದರದಂತೆ. ಅದರ ಮುಂದೆ ನಿಂತು ನಾನು ಮಕ್ಕಳ ಫೋಟೊ ತೆಗೆದೆ. ಅದಕ್ಕೂ ಮೊದಲೇ, ಬೆಳಿಗ್ಗೆ ಎದ್ದ ಕೂಡಲೇ, ಆ ವಿಡಿಯೊವನ್ನು ಆಫೀಸಿನ ಗುಂಪಿಗೆ ಕಳಿಸಿದ್ದೆ. "ಮೊಟ್ಟೆಯಿಡಲು ಬಂದ ಕಡಲಾಮೆ, ಕಣ್ಣಾರೆ ಕಂಡೆವು" ಎಂದು ಬರೆದಿದ್ದೆ. ಮಗಳ ದನಿ ಕೇಳದಂತೆ ಸದ್ದು ತೆಗೆದು ಕಳಿಸಿದ್ದೆ.

ಗೇರುಸೊಪ್ಪೆ ದಾಟಿ ಘಟ್ಟ ಹತ್ತುವಾಗ ರಸ್ತೆ ಬದಿಯ ಮರದಲ್ಲಿ ಸಿಂಗಳೀಕದ ಗುಂಪು ಸಿಕ್ಕಿತು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಕಾಡಿನಲ್ಲಿ ಕಾಣಸಿಗದ ಕೋತಿ. ಮಗ ಬಿಸ್ಕತ್ತಿನ ಪೊಟ್ಟಣ ತೆಗೆದ. ಮಗಳು ಅದನ್ನು ಕಿತ್ತುಕೊಂಡು ಕಿಟಕಿಯ ಗಾಜು ಏರಿಸಿದಳು. ನಾನು ಕಾರು ನಿಲ್ಲಿಸಲಿಲ್ಲ. ಸಾಗರ ದಾಟಿದ ಮೇಲೆ, ಎಲ್ಲರೂ ತೂಕಡಿಸುತ್ತಿದ್ದಾಗ, ಹಿಂದಿನ ಸೀಟಿನಿಂದ ಅವಳು ಕೇಳಿದಳು:

"ಅಪ್ಪಾ, ಅಜ್ಜನ ಹತ್ರ ಯಾಕೆ ಸುಳ್ಳು ಹೇಳ್ದೆ?"

ಉತ್ತರ ಇರಲಿಲ್ಲ. ಗದರಿಸಿದೆ ಕೂಡ, "ಸುಮ್ನೆ ಮಲ್ಕೋ" ಎಂದು. ಹೆಂಡತಿಗೆ ವಿಷಯ ತಿಳಿದದ್ದು ಆಗಲೇ.

ಮೂರು ವಾರ ಕಳೆಯಿತು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಆದರೆ ನಾನು ಏನಾದರೂ ಹೇಳಿದಾಗ ಮಗಳು ಒಂದು ಕ್ಷಣ ತಡೆದು ನನ್ನ ಮುಖ ನೋಡುವುದು ಶುರುವಾಗಿತ್ತು. ನಿಜವೋ ಅಲ್ಲವೋ ಎಂದು ಅಳೆಯುವ ನೋಟ. ಅದುವರೆಗೆ ಅದು ಇರಲಿಲ್ಲ. ಫೆಬ್ರವರಿಯ ಒಂದು ಭಾನುವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಸರಕೋಡಿನ ಆ ಮನೆಯ ಅಕ್ಕನಿಗೆ ಫೋನ್ ಮಾಡಿದೆ. ಅವತ್ತು ರಾತ್ರಿ ಲೈಟ್ ಹಾಕಿದ್ದು ನಾನು, ಅಜ್ಜನ ಹತ್ತಿರ ಸುಳ್ಳು ಹೇಳಿದ್ದೂ ನಾನೇ, ತಪ್ಪಾಯಿತು ಎಂದೆ. ಹೇಳುವಾಗ ನಾಲಿಗೆ ಒಣಗಿತ್ತು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಕ್ಕ ಹೇಳಿದರು, "ಮಾವನಿಗೆ ಗೊತ್ತಿತ್ತು ತಮಾ. ಜಾಡಿನ ಹತ್ರವೇ ಚಪ್ಪಲಿ ಗುರ್ತು ಇತ್ತು, ದೊಡ್ಡದು ಒಂದು ಜೊತೆ, ಸಣ್ಣದು ಎರಡು. ನೀವೇ ಹೇಳ್ತ್ರಿ ಅಂತ ಕೇಳಿದ್ದು."

ಅಜ್ಜನಿಗೆ ಫೋನ್ ಕೊಡಿ ಎಂದೆ. ಅವರು ದೋಣಿ ಹತ್ತಿರ ಹೋಗಿದ್ದಾರೆ, ಹೇಳುತ್ತೇನೆ ಎಂದರು. ಪರವಾಗಿಲ್ಲ ಬಿಡಿ ಎಂಬ ಮಾತನ್ನು ನಾನು ಒಳಗೊಳಗೇ ಕಾದಿದ್ದೆ. ಅವರು ಅದನ್ನು ಹೇಳಲಿಲ್ಲ. ಹೇಳದೇ ಇದ್ದದ್ದು ಸರಿ. ಅದು ಅವರು ಕ್ಷಮಿಸಿ ಮುಗಿಸುವ ಸಂಗತಿಯಾಗಿರಲಿಲ್ಲ. ಆಮೆ ಕಡಲಿಗೆ ವಾಪಸ್ ಹೋಗಿತ್ತು. ಫೋನಿಟ್ಟ ಮೇಲೆ ಆಫೀಸಿನ ಗುಂಪಿಗೂ ನಡೆದದ್ದನ್ನು ನಡೆದ ಹಾಗೆ ಬರೆದೆ. ಮಗಳು ಓದಿ ನೋಡಿ, "ಸೌಂಡ್ ಇರೋದನ್ನೂ ಕಳ್ಸು" ಎಂದಳು. ಕಳಿಸಿದೆ.

ಮುಂದಿನ ಜನವರಿಯಲ್ಲಿ ಮತ್ತೆ ಅಲ್ಲಿಗೇ ಹೋದೆವು. ಹೋಗುವ ಮುಂಚೆ ಅಕ್ಕನನ್ನು ಕೇಳಿದೆ, ನಾವು ಬರಬಹುದೇ ಎಂದು. "ಬನ್ನಿ, ಎಂತದು ಕೇಳೂದು" ಎಂದರು. ಈ ಸಲ ಪಟ್ಟಿ ಇರಲಿಲ್ಲ, ಎರಡು ದಿನವೂ ಒಂದೇ ಊರು. ಕಾಂಡ್ಲಾ ಕಾಡಿನ ಹಲಗೆಯ ಮೇಲೆ ಮಗ ಮುಕ್ಕಾಲು ಗಂಟೆ ಬೋರಲು ಮಲಗಿದ್ದ, ನಾನೂ ಪಕ್ಕದಲ್ಲಿ ಮಲಗಿದೆ. ನಡೆಯುವ ಮೀನು ಕೆಸರಿನ ಬಿಲದ ಬಾಯಲ್ಲಿ ನೀರಿನ ಗುಳ್ಳೆ ಉಗುಳಿ, ಇನ್ನೊಂದು ಮೀನು ಹತ್ತಿರ ಬಂದರೆ ಬೆನ್ನ ರೆಕ್ಕೆ ನಿಮಿರಿಸಿ ಅಟ್ಟುತ್ತಿತ್ತು. ಸಂಜೆ ಅಮ್ಮ ಗಾಳಿಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಿಳಿಹೊಟ್ಟೆಯ ಕಡಲ ಹದ್ದು ಅವರ ತಲೆಯ ಮೇಲೇ ಎರಡು ಸುತ್ತು ಹಾಕಿ ಅಳಿವೆಯ ಕಡೆ ಹೋಯಿತು. ಅಜ್ಜ ಬೆಳಗಿನ ಜಾವ ಮಗಳನ್ನು ದಂಡೆಗೆ ಕರೆದುಕೊಂಡು ಹೋದರು. ಹಿಂದಿನ ವರ್ಷದ ಮಾತನ್ನು ಅವರೂ ಎತ್ತಲಿಲ್ಲ, ನಾನು ಎತ್ತಿ ತಪ್ಪಾಯಿತೆಂದಾಗ ನನ್ನ ಮೊಬೈಲಿನ ಕಡೆ ಕೈ ತೋರಿಸಿ, "ಅದನ್ನ ಮನೆಯಲ್ಲೇ ಇಟ್ಟು ಬಾ" ಎಂದರು. ಇಟ್ಟು ಹೋದೆ. ಎರಡು ದಿನವೂ ಆಮೆ ಬರಲಿಲ್ಲ.

ನೀವು ನವೆಂಬರಿನಿಂದ ಮಾರ್ಚ್‌ವರೆಗೆ ಮಕ್ಕಳನ್ನು ಕರೆದುಕೊಂಡು ಹೊನ್ನಾವರದ ಕಡೆಗೋ ಕರಾವಳಿಯ ಬೇರೆ ಯಾವುದೇ ಮರಳುದಂಡೆಗೋ ಹೋಗುವವರಾದರೆ ನನ್ನದೊಂದು ಕೋರಿಕೆ. ರಾತ್ರಿ ನಿಮ್ಮಷ್ಟಕ್ಕೆ ನೀವು ದಂಡೆಗೆ ಇಳಿಯಬೇಡಿ. ಆ ಊರಿನವರನ್ನು ಕೇಳಿ, ಅವರು ಕಾಯಿರಿ ಎಂದರೆ ಕಾಯಿರಿ, ಇವತ್ತು ಬೇಡ ಎಂದರೆ ಮಲಗಿ. ಉಳಿದುಕೊಂಡ ಮನೆಯ ಕಡಲ ಕಡೆಯ ದೀಪ ಆರಿಸಲು ಹೇಳಿ. ಜಾಡು ಕಂಡರೆ ಅದನ್ನು ತುಳಿಯದೆ ಊರಿನವರಿಗೋ ಅರಣ್ಯ ಇಲಾಖೆಗೋ ತಿಳಿಸಿ. ಮೊಬೈಲು ಕೋಣೆಯಲ್ಲೇ ಇರಲಿ.

ನಾವಂತೂ ಕಡಲಾಮೆ ಮೊಟ್ಟೆಯಿಡುವುದನ್ನು ಇವತ್ತಿನವರೆಗೆ ನೋಡಿಲ್ಲ.